ಅರಗಿನ ಬಣ್ಣದ ಕಡಲೆ

ಭಾಲ್ಕಿ
೪ ಸೆಪ್ಟೆಂಬರ್ ೨೦೨೩

ಬೀಗಿತಿ ಮೀರಾಬಾಯಿಯವರಿಗೆ ಜೋಸೆಫ ಮಾಡುವ ವಂದನೆಗಳು.

ಬರೀ ‘ವಂದನೆಗಳು’ ಎಂದು ಬರೆಯುವಷ್ಟರಲ್ಲಿ ಒಂದು ಇನ್‌ಲ್ಯಾಂಡ್ ಕಾಗದ ಹಾಳಾಯಿತು. ನಮ್ಮವರಿಗೆ ಬರೆಯುವಾಗ ‘ಕರ್ತನ ನಾಮದಲ್ಲಿ’ ಎಂದು ಶುರು ಮಾಡುತ್ತೇನೆ. ನಿಮ್ಮಲ್ಲಿ ‘ಜೈಭೀಮ’ ಅನ್ನುತ್ತೀರಿ. ನಾನು ಅದನ್ನು ಬರೆದರೆ ಬೆಣ್ಣೆ ಹಚ್ಚಿದಂತೆ ಕಾಣುತ್ತದೆ, ಬರೆಯದಿದ್ದರೆ ಸೊಕ್ಕು ಕಾಣುತ್ತದೆ. ಹಾಗಾಗಿ ನಡುವಿನ ದಾರಿ ಹಿಡಿದಿದ್ದೇನೆ.

ಮೊನ್ನೆ ನಿಮ್ಮ ಕಡೆಯ ಬಸ್ಸಿನ ಕಂಡಕ್ಟರ್ ಮನೆಗೇ ಬಂದು ಒಂದು ಬಟ್ಟೆಯ ಚೀಲ ಕೊಟ್ಟು ಹೋದ. ಒಳಗೆ ಹೊಸ ಹೆಸರುಕಾಳು. ಮೇಲೆ ಮಸಿಯಲ್ಲಿ ‘ಜೋಸೆಫ, ಪೋಸ್ಟಮನ್, ಭಾಲ್ಕಿ. ಡಾಬಕಾದ ಬೀಗರಿಂದ’ ಎಂದಿತ್ತು. ನೌಕರಿಯುದ್ದಕ್ಕೂ ಭಾಲ್ಕಿ, ಭಾತಂಬ್ರಾದ ಮನೆ ಮನೆಯ ಮುಂದೆ ನಿಂತು ‘ಇಲ್ಲಿ ಸಹಿ ಮಾಡ್ರಿ’ ಎಂದವನು, ಈಗ ತಾನು ಸಹಿ ಮಾಡದೆ ಚೀಲ ಒಳಗಿಡುವುದು ಸರಿಯಲ್ಲ. ಆದ್ದರಿಂದ ಈ ಪತ್ರ: ಹೆಸರುಕಾಳು, ಚೀಲ ಒಂದು, ಸುಸ್ಥಿತಿಯಲ್ಲಿ ಕೈ ಸೇರಿದೆ.

ನಾವು ಬೀಗರಾಗಿ ಎರಡು ವರ್ಷವಾದರೂ ಒಬ್ಬರ ಮುಖ ಒಬ್ಬರು ನೋಡಿಲ್ಲ. ನಿಮ್ಮ ಮಗ ಅಶ್ವಜಿತ ನನ್ನ ಮಗಳನ್ನು ಡಾಬಕಾದ ಬುದ್ಧ ವಿಹಾರದಲ್ಲಿ ಮದುವೆಯಾದ ದಿನ ನಾನು ಇಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದೆ. ‘ನೀವಾಗಿ ಕರಿಯೋತನಕ ಬರಂಗಿಲ್ಲ’ ಎಂದು ಅವಳು ಹೇಳಿ ಕಳಿಸಿದಳು. ನಾನು ಕರೆಯಲಿಲ್ಲ. ಅವಳು ಬರಲಿಲ್ಲ. ಆ ಮಾತು ಈ ಪತ್ರದಲ್ಲಿ ಬೇಡ. ಇದು ಹೆಸರುಕಾಳಿನ ಪತ್ರ.

ಚೀಲ ಬಂದ ಗಳಿಗೆ ಒಳ್ಳೆಯದು. ಬೀದರಿನ ಡಾಕ್ಟರು ನನ್ನ ರಕ್ತ ನೋಡಿ ಸಕ್ಕರೆ ಇದೆ ಎಂದರು. ‘ಅನ್ನ ಕಮ್ಮಿ ಮಾಡ್ರಿ, ಮಳಕಿ ಕಾಳ ತಿನ್ರಿ’ ಎಂದರು. ನನ್ನ ಹೆಂಡತಿ ಹೆಲೆನ ಇದ್ದಾಗ ಪ್ರತಿ ವಾರ ಮೊಳಕೆ ಕಟ್ಟುತ್ತಿದ್ದಳು. ನಾನು ತಿನ್ನುವುದನ್ನು ಕಲಿತೆ, ಕಟ್ಟುವುದನ್ನು ಕಲಿಯಲಿಲ್ಲ. ಅವಳು ಹೋದ ಮೇಲೆ ಆ ರುಚಿಯೂ ಹೋಯಿತು. ಈಗ ನಿಮ್ಮ ಕಾಳಿನಲ್ಲಿ ಒಂದು ಹಿಡಿ ನೀರಲ್ಲಿ ಹಾಕಿ, ಮೊಳಕೆ ಬರಲೆಂದು ಎರಡು ದಿನ ಕಾದೆ. ಮೊಳಕೆ ಬರಲಿಲ್ಲ, ಪಕ್ಕದ ಮನೆಯ ಶಮೀಮ ಬಂದಳು. ‘ಏನ್ರೀ ಪೋಸ್ಟಮನ್ ಸಾಹೇಬ, ಮನ್ಯಾಗ ಇಲಿ ಸತ್ತದೇನು?’ ಎಂದು ಕೇಳಿದಳು.

ಸರಿಯಾದ ಕ್ರಮ ತಿಳಿಸಿದರೆ ಉಪಕಾರ. ಫೋನು ಮಾಡಬಹುದಿತ್ತು. ಆದರೆ ಊರ ತುಂಬ ಬೇರೆಯವರ ಪತ್ರ ಹಂಚಿದವನಿಗೆ ತನ್ನ ಹೆಸರಿಗೂ ಒಂದು ಬರಲಿ ಅನ್ನುವ ಆಸೆ ಇರುತ್ತದೆ. ಮೇಲಾಗಿ ಫೋನು ನಿಮ್ಮ ಮನೆಯಲ್ಲಿ ಯಾರು ಎತ್ತುತ್ತಾರೋ ಹೇಳಲಾಗದು.

ಮನೆಯಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಎಲ್ಲರೂ ಎಂದರೆ ಎಲ್ಲರೂ.

ಇತಿ,
ಜೋಸೆಫ


ಡಾಬಕಾ
೧೩ ಸೆಪ್ಟೆಂಬರ್ ೨೦೨೩

ಬೀಗರಾದ ಜೋಸೆಫರಿಗೆ ಮೀರಾಬಾಯಿಯ ಜೈಭೀಮ.

ನಾನು ಯೋಚನೆ ಮಾಡದೆ ಬರೆದುಬಿಟ್ಟೆ ನೋಡಿ. ನಿಮಗೂ ಧೈರ್ಯ ಬಂದಾಗ ಬರೆಯಿರಿ, ಅವಸರವಿಲ್ಲ.

ನಿಮ್ಮ ಅಕ್ಷರ ಮುತ್ತಿನಂತಿದೆ. ನನ್ನದು ಎಮ್ಮೆ ಕಾಲಿನದು. ಮಳೆಗಾಲದ ವರ್ಷಾವಾಸದಲ್ಲಿ ವಿಹಾರದಲ್ಲಿ ಹೆಂಗಸರಿಗೆಲ್ಲ ನಾನೇ ಗ್ರಂಥ ಓದಿ ಹೇಳುತ್ತೇನೆ, ಆದರೆ ಬರೆಯುವ ಕೆಲಸ ಬಂದದ್ದೇ ಕಡಿಮೆ. ತಪ್ಪಿದ್ದರೆ ತಿದ್ದಿಕೊಂಡು ಓದಿ. ಬೀಗರು ತಪ್ಪು ಹುಡುಕದಿದ್ದರೆ ಅವರೆಂಥ ಬೀಗರು?

ನಿಮ್ಮ ಪತ್ರ ಓದಿ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಕಾಳನ್ನು ಎರಡು ದಿನ ಮುಳುಗಿಸಿಟ್ಟರೆ ಅದು ಉಸಿರು ಎಲ್ಲಿಂದ ತರಬೇಕು? ಕ್ರಮ ಹೇಳುತ್ತೇನೆ. ಕಾಳನ್ನು ಚೆನ್ನಾಗಿ ಆರಿಸಿ, ಹರಳು ತೆಗೆದು, ತೊಳೆಯಿರಿ. ಮಲಗುವ ಮುಂಚೆ ನೆನೆಹಾಕಿ. ಬೆಳಿಗ್ಗೆ ಎದ್ದು ನೀರೆಲ್ಲ ಬಸಿದು, ಇನ್ನೊಮ್ಮೆ ತೊಳೆದು, ಹಳೆಯ ನೂಲಿನ ಬಟ್ಟೆಯಲ್ಲಿ ಗಂಟು ಕಟ್ಟಿ ತೂಗುಹಾಕಿ. ಬಟ್ಟೆ ಒಣಗಿದರೆ ಸ್ವಲ್ಪ ನೀರು ಚಿಮುಕಿಸಿ. ಮರುದಿನ ಹೊತ್ತು ಏರುವ ವೇಳೆಗೆ ಕಾಳು ತಾನೇ ಬಾಯಿ ಬಿಡುತ್ತದೆ. ನಾವು ಮಾಡುವುದು ಇಷ್ಟೇ, ಉಳಿದದ್ದು ಅದರ ಕೆಲಸ.

ಇದನ್ನು ಬರೆಯುತ್ತಿದ್ದಾಗ ನಮ್ಮ ಮನೆಯಲ್ಲಿ ಒಬ್ಬರು ರೊಟ್ಟಿ ಬಡಿಯುತ್ತ ಗೋಡೆಗೆ ಹೇಳಿದಂತೆ ಹೇಳಿದರು: ‘ನೂಲಿನ ಬಟ್ಟಿ ಅಂತ ದಪ್ಪ ಅಕ್ಷರದಾಗ ಬರೀರಿ ಅತ್ತಿ. ಇಲ್ಲಂದ್ರ ಖಾಕಿ ಪ್ಯಾಂಟ್ ಹರಿದು ಕಟ್ಟತಾರ.’ ಅವರು ಹೇಳಿದ್ದನ್ನು ನಿಮಗೆ ಮುಟ್ಟಿಸಿದ್ದೇನೆ. ಹೆಸರು ಬರೆಯಬೇಡಿ ಎಂದಿದ್ದಾರೆ, ಬರೆದಿಲ್ಲ.

ಆ ಒಬ್ಬರಿಗೆ ಎರಡು ಮೂರು ತಿಂಗಳಿಂದ ಬೆಳಗಿನ ಊಟ ಸೇರುವುದಿಲ್ಲ. ಎಣ್ಣೆಯ ವಾಸನೆ ಬಂದರೆ ಹಿತ್ತಲಿಗೆ ಓಡುತ್ತಾರೆ. ಮೊಳಕೆ ಬಂದ ಮಡಿಕೆ ಕಾಳಿನ ಉಸುಳಿ ಮಾತ್ರ ಒಳಗೆ ಹೋಗುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಯಾವಾಗಲೂ ಒಂದು ಗಂಟು ತೂಗುತ್ತಿರುತ್ತದೆ.

ನಿಮ್ಮ ಬೀಗಿತಿ,
ಮೀರಾಬಾಯಿ


ಭಾಲ್ಕಿ
೨೯ ಸೆಪ್ಟೆಂಬರ್ ೨೦೨೩

ಬೀಗಿತಿ ಮೀರಾಬಾಯಿಯವರಿಗೆ ವಂದನೆಗಳು.

ನಿಮ್ಮ ಪತ್ರ ಬರುವ ಮುಂಚೆಯೇ ಎರಡನೆಯ ಸಲ ಕಟ್ಟಿದ್ದೆ. ಯಾವುದರಲ್ಲಿ ಎಂದು ಕೇಳಬೇಡಿ. ಹಳೆಯ ಯೂನಿಫಾರ್ಮಿನ ಒಂದು ಕಾಲು ಈಗ ಇಲ್ಲ. ಡಾಬಕಾದಲ್ಲಿ ರೊಟ್ಟಿ ಬಡಿಯುತ್ತ ಭಾಲ್ಕಿಯ ನನ್ನ ಅಡುಗೆಮನೆ ನೋಡಬಲ್ಲ ಆ ಒಬ್ಬರು ಯಾರೋ, ಅವರಿಗೆ ನನ್ನ ಸಲಾಮು ತಿಳಿಸಿ.

ಆಮೇಲೆ ನೀವು ಹೇಳಿದಂತೆ ಮಾಡಿದೆ. ನೀವು ಕಳಿಸಿದ ಚೀಲದ ಬಟ್ಟೆ ನೂಲಿನದೇ ಇತ್ತು. ಬರಹ ಇದ್ದ ತುಂಡನ್ನು ಕತ್ತರಿಸಿ ತೆಗೆದಿಟ್ಟು, ಉಳಿದದ್ದರಲ್ಲಿ ಗಂಟು ಕಟ್ಟಿದೆ. ತಾಸಿಗೊಮ್ಮೆ ಬಿಚ್ಚಿ ನೋಡುತ್ತಿದ್ದೆ. ಕೆಲವು ಮೊಳೆತವು, ಕೆಲವು ಕಲ್ಲಿನಂತೆ ಉಳಿದವು, ಕೆಲವು ಲೋಳೆಯಾದವು. ಶಮೀಮ ಬಂದು ನೋಡಿ, ‘ಕಾಳಿಗಿ ನೀವೇ ನಿದ್ದಿ ಮಾಡಗೊಡಲಾರದಂಗ ಮಾಡೀರಿ’ ಎಂದಳು. ಮೊಳೆತವನ್ನು ಆರಿಸಿ ಉಪ್ಪು ಹಾಕಿಕೊಂಡು ತಿಂದೆ. ಹೆಲೆನಳ ಕೈಯ ರುಚಿ ಬರಲಿಲ್ಲ, ಆದರೆ ಅದರ ಕಡೆಗೆ ಮುಖ ಮಾಡಿದ ಹಾಗಿತ್ತು. ಅಷ್ಟಕ್ಕೇ ನನಗೆ ಸಂತೋಷವಾಯಿತು.

ಇನ್ನೊಂದು ಮಾತು. ನಮ್ಮ ಚರ್ಚಿನ ಸಭೆಯಲ್ಲಿ ನವೆಂಬರದಲ್ಲಿ ಸುಗ್ಗಿಯ ಆರಾಧನೆ ಆಗುತ್ತದೆ. ಎಲ್ಲರೂ ಹೊಲದ್ದು, ಹಿತ್ತಲದ್ದು, ಕೈಯಿಂದ ಮಾಡಿದ್ದು ಏನಾದರೂ ತಂದು ದೇವರ ಮೇಜಿನ ಮೇಲೆ ಇಡುತ್ತಾರೆ. ಆರಾಧನೆ ಮುಗಿದ ಮೇಲೆ ಅವುಗಳನ್ನೇ ಅಲ್ಲಿ ಲಿಲಾವು ಮಾಡುತ್ತಾರೆ, ಹೆಚ್ಚು ಬೆಲೆ ಕೂಗಿದವರು ಹಿಡಿಯುತ್ತಾರೆ. ಹೊಲವಿಲ್ಲದ ಪೋಸ್ಟಮನ್‌ನ ಹೆಂಡತಿ ಏನು ತರಬೇಕು? ಹೆಲೆನ ಪ್ರತಿ ವರ್ಷ ಒಂದು ಬೋಗುಣಿ ಮೊಳಕೆ ಕಾಳು ತಂದಿಡುತ್ತಿದ್ದಳು. ‘ಸತ್ತಂಗ ಕಾಣೋದು ಜೀವ ಹಿಡದದ, ಇದಕ್ಕಿಂತ ದೊಡ್ಡ ಬೆಳಿ ಯಾವುದರೀ?’ ಅನ್ನುತ್ತಿದ್ದಳು. ದೇವರಿಗೆ ಒಯ್ಯುವ ಕಾಳಿನಲ್ಲಿ ಒಂದನ್ನೂ ಮೊದಲು ಬಾಯಿಗೆ ಹಾಕಗೊಡುತ್ತಿರಲಿಲ್ಲ, ನನಗೂ, ಮಗುವಿಗೂ. ಅವಳು ಹೋದ ಮೇಲೆ ಆ ಬೋಗುಣಿ ಮೇಜಿಗೆ ಹೋಗಿಲ್ಲ. ಈ ವರ್ಷ ನಾನು ಒಯ್ಯಬೇಕೆಂದಿದ್ದೇನೆ. ಹೆಲೆನಳ ಜೊತೆ ಕಾಳು ಆರಿಸಿ ಕೊಡುತ್ತಿದ್ದ ಪುಟ್ಟ ಕೈ ಒಂದಿತ್ತು. ಅದು ಈಗ ಇಲ್ಲಿಲ್ಲ.

ಬೆಳಗಿನ ಊಟ ಸೇರದವರಿಗೆ ಪಿತ್ತ ಇರಬಹುದು. ನಿಂಬೆಹಣ್ಣು ಕೊಟ್ಟು ನೋಡಿ.

ಇತಿ,
ಜೋಸೆಫ


ಡಾಬಕಾ
೧೮ ಅಕ್ಟೋಬರ್ ೨೦೨೩

ಬೀಗರಿಗೆ ಜೈಭೀಮ.

ನಿಂಬೆಹಣ್ಣು ಕೊಟ್ಟೆವು. ನಿಮ್ಮ ಪತ್ರದ ಆ ಸಾಲು ಓದಿದಾಗ ಅಶ್ವಜಿತ ನೀರು ನೆತ್ತಿಗೇರಿಸಿಕೊಂಡ. ಯಾಕೆಂದು ನಾನು ಹೇಳುವಂತಿಲ್ಲ. ಊರಿಗೆಲ್ಲ ಪತ್ರ ಹಂಚಿದ ನಿಮಗೆ ಮನೆಯ ಸುದ್ದಿ ತಿಳಿಯುವುದು ಇಷ್ಟು ತಡ ಎಂದು ನನಗೆ ಗೊತ್ತಿರಲಿಲ್ಲ.

ಇನ್ನು ಮುಂದೆ ಚಳಿ. ಗಂಟನ್ನು ಗಾಳಿಗೆ ತೂಗುಹಾಕಬೇಡಿ. ಬುಟ್ಟಿಯಲ್ಲಿಟ್ಟು ಮೇಲೆ ಕೌದಿ ಹೊದಿಸಿ, ಒಲೆಯ ಹತ್ತಿರ ಮಲಗಿಸಿ. ತಾಸಿಗೊಮ್ಮೆ ಬಿಚ್ಚಿ ನೋಡುವ ಚಟ ಬಿಡಿ, ಕಾಳಿಗೆ ತಂಡಿ ಆಗುತ್ತದೆ.

ಒಂದು ಮಾತು ನೇರವಾಗಿ ಹೇಳುತ್ತೇನೆ, ಸಿಟ್ಟು ಬಂದರೆ ಬರಲಿ. ಕಾಳನ್ನು ತಾಸಿಗೊಮ್ಮೆ ನೋಡದಿದ್ದರೆ ನಿಮಗೆ ಜೀವ ತಡೆಯುವುದಿಲ್ಲ. ಎರಡು ವರ್ಷ ಮಗಳನ್ನು ನೋಡದೆ ಹೇಗೆ ತಡೆದಿರಿ? ಅವಳೂ ನಿಮ್ಮ ಮಗಳೇ. ‘ಕರೀಲಿ, ಹೋಗ್ತೇನಿ’ ಅನ್ನುತ್ತಾಳೆ. ನೀವು ಕರೆಯುವುದಿಲ್ಲ. ನಿಮ್ಮಿಬ್ಬರ ಮಧ್ಯೆ ನಾನು ಹೆಸರುಕಾಳಿನ ಮಾತು ಬರೆಯುತ್ತ ಕೂತಿದ್ದೇನೆ. ಬರೆಯುವುದು ಬೇಸರವಿಲ್ಲ, ನಿಮ್ಮ ಪತ್ರ ಬಂದ ದಿನ ನಮ್ಮ ಮನೆಗೆ ಹಬ್ಬ. ಆದರೆ ಕೆಲವು ಸಂಗತಿಗಳು ಪತ್ರಕ್ಕಾಗಿ ಕಾಯುವುದಿಲ್ಲ. ಅವು ತಮ್ಮ ಹೊತ್ತಿಗೆ ಬೆಳೆಯುತ್ತವೆ.

ಡಾಬಕಾಕ್ಕೆ ಬಸ್ಸು ಇದೆ. ಬನ್ನಿ.

ಮೀರಾಬಾಯಿ


ಭಾಲ್ಕಿ
೧೫ ನವೆಂಬರ್ ೨೦೨೩

ಬೀಗಿತಿ ಮೀರಾಬಾಯಿಯವರಿಗೆ ವಂದನೆಗಳು.

ಉತ್ತರ ತಡವಾಯಿತು. ಸಿಟ್ಟು ಬರಲಿಲ್ಲ. ಬಸ್ ನಿಲ್ದಾಣದವರೆಗೆ ಎರಡು ಸಲ ಹೋದೆ. ಒಮ್ಮೆ ಬಸ್ಸು ಹತ್ತಿಯೂ ಕೂತೆ. ಹೋಗಿ ಏನು ಮಾತಾಡುವುದು ಎಂದು ಹೊಳೆಯದೆ ಇಳಿದುಬಂದೆ. ಇಷ್ಟು ಹೇಳಿದ್ದೇನೆ, ಮುಂದೆ ಕೇಳಬೇಡಿ.

ಈಗ ಸಂತೋಷದ ಸುದ್ದಿ. ಈ ರವಿವಾರವೇ ಸುಗ್ಗಿಯ ಆರಾಧನೆ. ನೀವು ಕಳಿಸಿದ ಹೆಸರುಕಾಳು ನನ್ನ ಪ್ರಯೋಗಗಳಿಗೇ ಮುಗಿದುಹೋಯಿತು. ಇದ್ದಿದ್ದರೂ ಅದನ್ನು ಒಯ್ಯುತ್ತಿರಲಿಲ್ಲ, ಬೀಗರು ಕೊಟ್ಟದ್ದನ್ನು ದೇವರಿಗೆ ಕೊಟ್ಟರೆ ಅದು ಬೀಗರ ಕಾಣಿಕೆಯಾಗುತ್ತದೆ. ಹಾಗಾಗಿ ಡಾಕ್ಟರ ಹತ್ತಿರ ಬೀದರಿಗೆ ಹೋದವನು ಅಲ್ಲೇ ಕಡಲೆ ತರಲು ಹೊರಟೆ. ಕಿರಾಣಿ ಅಂಗಡಿಯ ಕಡಲೆ ಅರ್ಧ ಮೊಳೆಯುತ್ತದೆ, ಅರ್ಧ ಮೊಳೆಯುವುದಿಲ್ಲ. ಆಗ ತಲೆ ಓಡಿಸಿದೆ. ಮೊಳೆಯಲೆಂದೇ ಮಾರುವ ಕಾಳು ಎಲ್ಲಿ ಸಿಗುತ್ತದೆ? ಬೀಜದ ಅಂಗಡಿಯಲ್ಲಿ! ಕಡಲೆ ಬಿತ್ತನೆ ಮುಗಿದು ಒಂದಿಷ್ಟು ಬಿಡಿಯಾಗಿ ಉಳಿದಿತ್ತು. ಅಂಗಡಿಯವನು ‘ಹೊಲ ಎಷ್ಟದರೀ?’ ಎಂದು ಕೇಳಿದ. ಒಂದು ಬೋಗುಣಿಯಷ್ಟು ಎಂದು ಹೇಳಲು ನಾಚಿಕೆಯಾಯಿತು. ‘ಸ್ವಲ್ಪೇ ಅದ’ ಎಂದು ಕಾಗದದಲ್ಲಿ ಕಟ್ಟಿಸಿಕೊಂಡು ಬಂದೆ.

ಎಂಥ ಕಡಲೆ ಅಂತೀರಿ! ರಜಿಸ್ಟರ್ ಪಾರ್ಸಲಿಗೆ ನಾವು ಹಾಕುತ್ತಿದ್ದ ಅರಗಿನ ಮುದ್ರೆಯ ಬಣ್ಣ, ಒಂದೊಂದು ಕಾಳೂ ಕೆಂಪಗೆ. ಅರಗು ಕಂಡರೆ ಒಳಗಿನ ಮಾಲು ಭದ್ರ ಎಂದು ನಂಬಿ ಬದುಕಿದವನು ನಾನು. ತೊಳೆದರೆ ನೀರೆಲ್ಲ ಗುಲಾಬಿ. ಪರೀಕ್ಷೆಗೆಂದು ಒಂದು ಹಿಡಿ ಕೌದಿಯಲ್ಲಿ ಮಲಗಿಸಿದೆ. ಈ ಸಲ ಬಿಚ್ಚಿ ನೋಡಲಿಲ್ಲ, ನಿಮ್ಮ ಮಾತು ನೆನಪಿತ್ತು. ಒಂದೂ ತಪ್ಪದೆ ಮೊಳೆತಿವೆ. ಶುಕ್ರವಾರ ಉಳಿದದ್ದನ್ನೆಲ್ಲ ನೆನೆಹಾಕುತ್ತೇನೆ. ಒಂದು ಕಾಳೂ ಬಾಯಿಗೆ ಹಾಕಿಲ್ಲ, ಹಾಕುವುದೂ ಇಲ್ಲ. ಮೊದಲು ದೇವರಿಗೆ.

ಲಿಲಾವಿನಲ್ಲಿ ಆ ಬೋಗುಣಿಯನ್ನು ನಾನೇ ಹಿಡಿದು, ಹೆಲೆನಳ ಹೆಸರಿನಲ್ಲಿ ಸಂಡೆಸ್ಕೂಲಿನ ಮಕ್ಕಳಿಗೆ ಬೆಲ್ಲದ ಜೊತೆ ಅಲ್ಲೇ ಹಂಚುವವನಿದ್ದೇನೆ. ಮಕ್ಕಳಿಗೆ ಈಗಲೇ ಹೇಳಿಟ್ಟಿದ್ದೇನೆ. ಕೆಂಪು ಕಡಲೆ ಎಂದು ಕುಣಿಯುತ್ತಿದ್ದಾರೆ.

ಈ ಪತ್ರ ಓದುವಾಗ ಗಟ್ಟಿಯಾಗಿ ಓದಿ. ರೊಟ್ಟಿ ಬಡಿಯುವವರಿಗೂ ಕೇಳಿಸಲಿ.

ಇತಿ,
ಜೋಸೆಫ


ಭಾಲ್ಕಿ
೨೦ ನವೆಂಬರ್ ೨೦೨೩

ಬೀಗಿತಿ ಮೀರಾಬಾಯಿಯವರಿಗೆ,

ಏನೆಂದು ಶುರು ಮಾಡಲಿ? ನಿನ್ನೆ ನಡೆದದ್ದನ್ನು ನಿಮ್ಮ ಮಗ, ಸೊಸೆ ಬಂದು ಹೇಳುತ್ತಾರೆ. ಆದರೂ ನನ್ನ ಕೈಯಿಂದ ಬರೆದು ನಿಮಗೆ ಮುಟ್ಟಿಸದೆ ನನಗೆ ಸಮಾಧಾನವಿಲ್ಲ.

ಮೇಜು ತುಂಬಿತ್ತು. ಕುಂಬಳಕಾಯಿ, ಕಬ್ಬಿನ ಜಲ್ಲೆ, ತೊಗರಿಯ ಹಸಿ ಕಾಯಿ, ಯಾರದೋ ಕೋಳಿ ಕಾಲು ಕಟ್ಟಿಸಿಕೊಂಡು ಕೂತಿತ್ತು. ಎಲ್ಲದರ ನಡುವೆ ನನ್ನ ಬೋಗುಣಿ, ಕೆಂಪು ಕಡಲೆಯ ಮೇಲೆ ಬೆಳ್ಳಗಿನ ಮೊಳಕೆ. ಸಂಡೆಸ್ಕೂಲಿನ ಮಕ್ಕಳು ಮುಂದಿನ ಸಾಲಿನಲ್ಲಿ ಕೂತು ಪಾಸ್ಟರನ್ನು ಬಿಟ್ಟು ಬೋಗುಣಿಯನ್ನೇ ನೋಡುತ್ತಿದ್ದವು. ನನ್ನ ಎದೆ ಉಬ್ಬಿತ್ತು.

ಎರಡನೆಯ ಗೀತೆಯ ಮಧ್ಯೆ ಹೊರಗೆ ಜೀಪು ನಿಂತ ಸದ್ದು. ಬಾಗಿಲಲ್ಲಿ ಕ್ಯಾರೊಲಿನ.

ಈ ಹೆಸರನ್ನು ಇಷ್ಟು ಪತ್ರಗಳಲ್ಲಿ ನಾನು ಒಮ್ಮೆಯೂ ಬರೆದಿರಲಿಲ್ಲ. ಬರೆಯುತ್ತೇನೆ: ಕ್ಯಾರೊಲಿನ. ನನ್ನ ಮಗಳು. ತುಂಬಿದ ಬಸುರಿ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಂದು ಕೈ ಸೊಂಟಕ್ಕೆ ಕೊಟ್ಟು, ಏದುಸಿರು ಬಿಡುತ್ತ ಸಾಲುಗಳ ನಡುವೆ ನೇರ ನಡೆದು ಬಂದಳು. ಹಾಡು ಒಬ್ಬೊಬ್ಬರ ಬಾಯಲ್ಲಿ ನಿಂತಿತು. ನಾನು ಎದ್ದು ನಿಂತೆ. ನನ್ನ ಹತ್ತಿರ ಬರುತ್ತಾಳೆ ಎಂದುಕೊಂಡೆ. ಅವಳು ನನ್ನನ್ನು ದಾಟಿ ಮೇಜಿಗೆ ಹೋಗಿ, ಎರಡೂ ಕೈಯಿಂದ ನನ್ನ ಬೋಗುಣಿಯನ್ನು ಎತ್ತಿಕೊಂಡಳು.

ಸಭೆಯ ಹಿರಿಯ ಜಾನ್ಸನ ಕಾಕಾ ಎದ್ದರು. ‘ದೇವರ ಮೇಜಿನ ಮ್ಯಾಲಿಂದ ಯಾರರೇ ತೆಗೀತಾರೇನವಾ?’ ಎಂದು ಗದರಿದರು.

‘ಕಾಕಾ, ಇದು ತಿನ್ನೋ ಕಡ್ಲಿ ಅಲ್ಲರಿ. ಬಿತ್ತೋ ಕಡ್ಲಿ. ಹುಳ ಹತ್ತಬಾರದು ಅಂತ ಔಷಧ ಹಚ್ಚಿರ್ತಾರ, ಗುರುತಿಗಿ ಕೆಂಪ ಬಣ್ಣ. ಹೊಟ್ಟಿಗಿ ಹೋದ್ರ ವಿಷ. ಕೂಸುಗಳು ತಿಂತಾವ ಅಂತ ಓಡಿ ಬಂದೀನಿ.’

ಆಮೇಲೆ ನನ್ನ ಕಡೆ ತಿರುಗಿದಳು. ಎರಡು ವರ್ಷದ ಮೇಲೆ ನನ್ನ ಮಗಳು ನನಗೆ ಆಡಿದ ಮೊದಲ ಮಾತು ಇದು: ‘ಪಪ್ಪಾ, ನೀವು ತಿಂದೀರೇನು? ಖರೇ ಹೇಳ್ರಿ.’

‘ಇಲ್ಲವ್ವಾ.’

‘ಒಂದರೇ?’

‘ದೇವರಿಗಿ ಕೊಡಲಾರದ ನಾ ಹ್ಯಾಂಗ ತಿನ್ನಲಿ? ನಿಮ್ಮವ್ವ ಬಿಡ್ತಿದ್ದಳೇನು?’

ಆಗ ಅವಳು ಅತ್ತಳು. ಬೋಗುಣಿ ಕೈಯಲ್ಲಿ ಹಿಡಿದುಕೊಂಡೇ, ಎಲ್ಲರ ಮುಂದೆ, ಸಣ್ಣವಳಿದ್ದಾಗ ಅಳುತ್ತಿದ್ದ ಹಾಗೆ ಬಾಯಿ ತೆರೆದು ಅತ್ತಳು. ನಾನೂ ಅತ್ತೆ. ಹೆಲೆನ ಸತ್ತು ಇಷ್ಟು ದಿನವಾದರೂ ತನ್ನ ಒಂದು ಹಟದಿಂದ ನನ್ನನ್ನು ಉಳಿಸಿದಳು. ಮುಂದಿನ ಸಾಲಿನ ಮಕ್ಕಳನ್ನು ಎಣಿಸುತ್ತ ನಿಂತೆ. ಅವರ ತಾಯಂದಿರು ಒಬ್ಬೊಬ್ಬರಾಗಿ ಎದ್ದು ಬಂದು ಕ್ಯಾರೊಲಿನಳ ಕೈ ಹಿಡಿದರು.

ಅಶ್ವಜಿತ ಹೊರಗೆ ಗುಂಡಿ ತೋಡಿ, ಕೋಳಿ ಕುರಿ ಮುಟ್ಟದ ಹಾಗೆ ಎಲ್ಲವನ್ನೂ ಹೂತುಬಂದ. ಒಳಗೆ ಬರಲು ಹಿಂಜರಿದು ಬಾಗಿಲಲ್ಲೇ ನಿಂತಿದ್ದ. ನಾನು ಹೋಗಿ ಕೈ ಹಿಡಿದು ಕರೆತಂದು ನನ್ನ ಪಕ್ಕ ಕೂರಿಸಿಕೊಂಡೆ. ಮೊದಲ ಸಲ ಅಳಿಯನ ಕೈ ಮುಟ್ಟಿದೆ. ಮಣ್ಣಾಗಿತ್ತು. ಒಳ್ಳೆಯ ಕೈ.

ಆಗ ಕ್ಯಾರೊಲಿನ ಚೀಲದಿಂದ ಒಂದು ಗಂಟು ತೆಗೆದಳು. ‘ಇದು ನಮ್ಮ ಅತ್ತಿ ಕೊಟ್ಟದ್ದು. ಮಡಿಕಿ ಕಾಳು. ದೇವರ ಮೇಜಿನ ಮ್ಯಾಲ ನಿಮ್ಮಪ್ಪನ ಜಾಗಾ ಖಾಲಿ ಬಿಡಬ್ಯಾಡ ಅಂದಾರ’ ಎಂದಳು. ಪಾಸ್ಟರು ನನ್ನ ಮುಖ ನೋಡಿದರು. ನಾನೇ ಎದ್ದು ಹೋಗಿ ಕುಂಬಳಕಾಯಿಯನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದೆ. ನಿಮ್ಮ ಗಂಟು ಬಿಚ್ಚಿಟ್ಟಳು. ಜೀಪಿನ ದಾರಿಯಲ್ಲೂ ಒಂದಿಷ್ಟು ಬೆಳೆದಿತ್ತೋ ಏನೋ, ಬಟ್ಟೆಯ ಎಳೆಗಳೊಳಗಿಂದ ಮೊಳಕೆಗಳು ಹೊರಗೆ ಇಣುಕಿದ್ದವು.

ಲಿಲಾವಿನ ಮಾತು ಹೇಳಿದರೆ ನಿಮಗೆ ನಗು ಬರುತ್ತದೆ. ನಮ್ಮಲ್ಲಿ ಒಂದು ರೂಢಿ ಇದೆ. ಪ್ರೀತಿಯ ವಸ್ತುವನ್ನು ಹಿಡಿದವರು ಮನೆಗೆ ಒಯ್ಯುವುದಿಲ್ಲ, ‘ದೇವರಿಗೇ ಇರಲಿ’ ಎಂದು ಮರಳಿ ಕೊಡುತ್ತಾರೆ, ಅದನ್ನು ಮತ್ತೆ ಕೂಗುತ್ತಾರೆ. ನಿಮ್ಮ ಮಡಿಕೆ ಕಾಳನ್ನು ಮೊದಲು ಹಿಡಿದವರು ಆ ಗದರಿದ ಜಾನ್ಸನ ಕಾಕಾ. ಮರಳಿ ಕೊಟ್ಟರು. ಆಮೇಲೆ ಮಕ್ಕಳ ತಾಯಂದಿರು ಕೂಡಿ ಹಿಡಿದು ಮರಳಿ ಕೊಟ್ಟರು. ಪಾಸ್ಟರ ಹೆಂಡತಿ ಹಿಡಿದು ಮರಳಿ ಕೊಟ್ಟರು. ನಿಮ್ಮ ಗಂಟು ಸಭೆಯನ್ನೆಲ್ಲ ಸುತ್ತಿತು. ಕೊನೆಗೆ ನಾನು ಕೂಗಿ ಹಿಡಿದೆ. ಎಲ್ಲರೂ ನಾನು ‘ದೇವರಿಗೇ ಇರಲಿ’ ಅನ್ನುವುದನ್ನು ಕಾಯುತ್ತ ಕೂತರು.

‘ಇದು ನಾ ಮರಳಿ ಕೊಡಂಗಿಲ್ಲರಿ,’ ಎಂದೆ. ‘ಇದು ನನ್ನ ಮಗಳ ಮನಿಯಿಂದ ಬಂದದ. ಮನಿಗಿ ಒಯ್ತೇನಿ.’

ಸಭೆಯೆಲ್ಲ ನಕ್ಕಿತು. ಮನೆಗೆ ಬಂದು ಕ್ಯಾರೊಲಿನ ಅವಳ ತಾಯಿಯ ಕಡಾಯಿಯಲ್ಲಿ ಉಸುಳಿ ಮಾಡಿದಳು. ಶಮೀಮಳನ್ನೂ ಕರೆದೆವು. ಮೊದಲ ತುತ್ತಿಗೆ ನಾನು ಅಡುಗೆಮನೆಯ ಕಡೆ ತಿರುಗಿ ನೋಡಿದೆ. ರುಚಿ ಅದೇ ಇತ್ತು.

ಒಂದು ಗುಟ್ಟು ಹೇಳುತ್ತೇನೆ. ಹೆಸರುಕಾಳಿನ ಚೀಲದ ಮೇಲಿನ ಬರಹ ಯಾರದೆಂದು ನನಗೆ ಮೊದಲ ದಿನವೇ ಗೊತ್ತಿತ್ತು. ಅಕ್ಷರ ಗುರುತಿಸಿ ಅನ್ನ ತಿಂದವನು ನಾನು. ಆ ‘ಪೋಸ್ಟಮನ್’ ಎಂಬ ಪದವನ್ನು ಬರೆಯಲು ಕ್ಯಾರೊಲಿನಳಿಗೆ ಕಲಿಸಿದವನೂ ನಾನೇ. ಆ ತುಂಡು ನನ್ನ ಬೈಬಲಿನಲ್ಲಿದೆ.

ಬೀಗಿತಿಯವರೇ, ನೀವು ಚೀಲ ಕಳಿಸದಿದ್ದರೆ, ನಗುತ್ತ ಬೈಯುತ್ತ ನನಗೆ ಬರೆಯದಿದ್ದರೆ, ನಿನ್ನೆ ಬಾಗಿಲಲ್ಲಿ ಅವಳು ಇರುತ್ತಿರಲಿಲ್ಲ. ಮಕ್ಕಳ ಗತಿ ಏನಾಗುತ್ತಿತ್ತೋ ನೆನೆಸಿಕೊಳ್ಳಲಾರೆ. ನಿಮ್ಮ ಉಪಕಾರ ನಾನು ಸಾಯುವವರೆಗೆ ಮರೆಯುವುದಿಲ್ಲ.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ತಾಯಿ ಇಲ್ಲದ ತವರು, ನಿಜ. ಶಮೀಮ ಇದ್ದಾಳೆ, ನಾನಿದ್ದೇನೆ. ಕರೆಯಲು ಯಾವ ದಿನ ಬರಲಿ, ತಿಳಿಸಿ. ಈ ಸಲ ಬಸ್ಸಿನಿಂದ ಇಳಿಯುವುದಿಲ್ಲ.

ನಿಮ್ಮ ಬೀಗ,
ಜೋಸೆಫ


ಡಾಬಕಾ
೨೭ ನವೆಂಬರ್ ೨೦೨೩

ಬೀಗರಿಗೆ ಜೈಭೀಮ.

ನಿಮ್ಮ ಪತ್ರ ಓದಲು ನನಗೆ ಎರಡು ಹೊತ್ತು ಬೇಕಾಯಿತು. ಮಧ್ಯೆ ಮಧ್ಯೆ ಅಕ್ಷರ ಕಾಣದಾಗುತ್ತಿತ್ತು.

ಈ ಕಡೆಯ ಕಥೆಯನ್ನೂ ಕೇಳಿ. ನಿಮ್ಮ ಕೆಂಪು ಕಡಲೆಯ ಪತ್ರ ಶನಿವಾರವೇ ಬಂದಿತ್ತು. ನಾವೆಲ್ಲ ಹೊಲದಲ್ಲಿದ್ದೆವೆಂದು ಟಪಾಲಿನವನು ನಮ್ಮೂರ ಉತ್ತಮನ ಹಿಟ್ಟಿನ ಗಿರಣಿಯಲ್ಲಿ ಕೊಟ್ಟು ಹೋಗಿದ್ದ. ಉತ್ತಮ ಅದನ್ನು ತಂದದ್ದು ರವಿವಾರ ಬೆಳಿಗ್ಗೆ. ನಿಮ್ಮ ಪತ್ರಗಳನ್ನು ನಾನು ಯಾವತ್ತೂ ಅಡುಗೆಮನೆಯಲ್ಲಿ ಗಟ್ಟಿಯಾಗಿಯೇ ಓದುತ್ತಿದ್ದೆ. ಇವಳು ಕೇಳದವಳಂತೆ ರೊಟ್ಟಿ ಬಡಿಯುತ್ತಿದ್ದಳು, ಪ್ಯಾಂಟಿನ ಕಾಲಿನ ಮಾತು ಬಂದಾಗ ಗೋಡೆಗೆ ಮುಖ ಮಾಡಿ ನಕ್ಕಿದ್ದಳು. ಅವತ್ತು ‘ಅರಗಿನ ಬಣ್ಣ’ ಎಂದು ಓದಿದೆ. ಬಡಿಯುವ ಸದ್ದು ನಿಂತಿತು. ‘ಅತ್ತಿ, ಇನ್ನೊಮ್ಮೆ ಓದ್ರಿ’ ಎಂದಳು. ಓದಿದೆ. ‘ಪಪ್ಪಾ ಔಷಧದ ಕಡ್ಲಿ ಮಳಕಿ ಕಟ್ಯಾರ’ ಎಂದು ಹಿಟ್ಟಿನ ಕೈಯಲ್ಲೇ ಫೋನು ಹಿಡಿದಳು. ಅದು ಹೊಡೆದುಕೊಳ್ಳುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಆರಾಧನೆಗೆ ಹೋಗುವಾಗ ನೀವು ಫೋನು ಮನೆಯಲ್ಲೇ ಬಿಡುತ್ತೀರಿ ಎಂದಳು. ಆಗಲೇ ಇಬ್ಬರನ್ನೂ ಉತ್ತಮನ ಜೀಪು ಹತ್ತಿಸಿದೆ. ‘ಕರೀಲಿ, ಹೋಗ್ತೇನಿ’ ಎಂಬ ಮಾತು ಯಾರಿಗೂ ನೆನಪಾಗಲಿಲ್ಲ.

ನಾನೂ ಬರಬಹುದಿತ್ತು. ಜೀಪಿನಲ್ಲಿ ಜಾಗವಿತ್ತು. ಆದರೆ ಇದು ನಿಮ್ಮಿಬ್ಬರ ಕೆಲಸ ಅನ್ನಿಸಿತು. ತೂಗುತ್ತಿದ್ದ ಗಂಟು ಬಿಚ್ಚಿ ಕೈಗೆ ಕೊಟ್ಟೆ, ಅಷ್ಟೇ. ನಮ್ಮ ಕಾಳು ನಿಮ್ಮ ದೇವರ ಮೇಜಿನ ಮೇಲೆ ಕೂತದ್ದಕ್ಕೆ, ನೀವೇ ಎದ್ದು ಅದಕ್ಕೆ ಜಾಗ ಮಾಡಿದ್ದಕ್ಕೆ ನಾನು ಏನು ಹೇಳಲಿ? ನನ್ನ ಮಗ ನಿಮ್ಮ ಬಾಗಿಲಲ್ಲಿ ನಿಂತದ್ದು, ನೀವು ಕೈ ಹಿಡಿದು ಒಳಗೆ ಕರೆದದ್ದು ಹೇಳಿದ. ನಾನು ವಿಹಾರಕ್ಕೆ ಹೋಗಿ ದೀಪ ಹಚ್ಚಿ ಬಂದೆ.

ಕುಬುಸದ ಕಾರ್ಯ ಮಾಡಿ ಕಳಿಸುತ್ತೇವೆ, ಮುಂದಿನ ತಿಂಗಳು ಬನ್ನಿ. ಎರಡು ಕರಾರು. ಕಡಲೆ ತರಬೇಡಿ. ಮತ್ತು ನನಗೆ ಪತ್ರ ಬರೆಯುವುದು ನಿಲ್ಲಿಸಬೇಡಿ. ಮಗಳು ಸಿಕ್ಕಳು ಎಂದು ಬೀಗಿತಿಯನ್ನು ಮರೆತರೆ ನಾನು ಲಿಲಾವಿನಲ್ಲಿ ಕೂಗಿ ಮೊಮ್ಮಗುವನ್ನು ಹಿಡಿದುಕೊಂಡು ಬರುತ್ತೇನೆ, ಮರಳಿ ಕೊಡುವುದಿಲ್ಲ.

ಮೀರಾಬಾಯಿ


ಭಾಲ್ಕಿ
೮ ಫೆಬ್ರುವರಿ ೨೦೨೪

ಬೀಗಿತಿ ಮೀರಾಬಾಯಿಯವರಿಗೆ ಜೋಸೆಫನ ಜೈಭೀಮ.

ನಿನ್ನೆ ಫೋನಿನಲ್ಲಿ ಎಲ್ಲ ಕೇಳಿದ್ದೀರಿ, ನಾಳೆ ಹೇಗೂ ಬರುತ್ತೀರಿ. ಈ ಪತ್ರ ತಲುಪುವಾಗ ನೀವು ಇಲ್ಲೇ ಇರುತ್ತೀರಿ, ಗೊತ್ತು. ಊರಿಗೆ ಮರಳಿದ ಮೇಲೆ ಬಾಗಿಲಲ್ಲಿ ಸಿಗಲಿ ಎಂದು ಬರೆಯುತ್ತಿದ್ದೇನೆ.

ಕ್ಯಾರೊಲಿನ ಆರಾಮವಾಗಿದ್ದಾಳೆ. ನಾನು ಮೆಂತ್ಯ ಮೊಳಕೆ ಕಟ್ಟುತ್ತೇನೆ, ಶಮೀಮ ಅದನ್ನು ಬಾಣಂತಿಗೆ ಬೇಯಿಸಿ ಕೊಡುತ್ತಾಳೆ. ಈಗ ಒಂದೂ ತಪ್ಪುವುದಿಲ್ಲ. ಆದರೆ ಬೇರೊಂದು ವಿಷಯದಲ್ಲಿ ಬೈಸಿಕೊಂಡೆ. ಮಗು ಹೆಲೆನಳ ಕೌದಿಯಲ್ಲಿ ಮಲಗಿದೆ. ಮತ್ತೆ ಮತ್ತೆ ಹೋಗಿ ಅಂಚು ಸರಿಸಿ ನೋಡುತ್ತಿದ್ದೆ. ಮಲಗಿದ್ದಾಳೆಂದುಕೊಂಡಿದ್ದ ನನ್ನ ಮಗಳು ಕಣ್ಣು ಮುಚ್ಚಿಕೊಂಡೇ ಹೇಳಿದಳು: ‘ಪಪ್ಪಾ, ತಾಸಿಗೊಮ್ಮಿ ಬಿಚ್ಚಿ ನೋಡಬ್ಯಾಡ್ರಿ. ತಂಡಿ ಆಗ್ತದ.’

ಹೊರಗೆ ಬಂದು ಕೂತು ಇದನ್ನು ಬರೆಯುತ್ತಿದ್ದೇನೆ. ಸಹಿ ಮಾಡದೆ ಏನನ್ನೂ ಇಟ್ಟುಕೊಳ್ಳುವವನಲ್ಲ ನಾನು.

ಹೆಣ್ಣು ಮಗು, ಒಂದು. ಡಾಬಕಾದ ಬೀಗರಿಂದ. ಸುಸ್ಥಿತಿಯಲ್ಲಿ ಕೈ ಸೇರಿದೆ.

ಜೋಸೆಫ, ಪೋಸ್ಟಮನ್, ಭಾಲ್ಕಿ